ಒಂದರಿಂದ ಆರಕ್ಕೆ ಹತ್ತಿ ಇಳಿಯುವ ಸಂಖ್ಯೆ

(ಒಂದು ಭಾನುವಾರ ಸಂಜೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಬೋರ್ಡಿನ ಮೇಲೆ ಬರೆದದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಕೈಗೆ ಒಂದೊಂದು ಹಾಳೆ ಕೊಟ್ಟಿದ್ದಾರೆ. ಅದರಲ್ಲಿ ಒಂದೇ ಲೆಕ್ಕ ಇದೆ. 27994681 ಅನ್ನು 441ರಿಂದ ಗುಣಿಸಬೇಕು. ಮೊಬೈಲ್ ತೆಗೆಯಬೇಡಿ. ಇದನ್ನು ಕೈಯಲ್ಲೇ ಮಾಡೋಣ. ಕೈಯಲ್ಲಿ ಮಾಡಿದವರಿಗೆ ಮಾತ್ರ ಸಿಗುವ ಒಂದು ಖುಷಿ ಇದರಲ್ಲಿದೆ.

ನೋಡೋಕೆ ಸುಂದರವಾದ ಲೆಕ್ಕ ಏನಲ್ಲ. 27994681 ಅಂದರೆ ಯಾರದೋ ಫೋನ್ ನಂಬರಿನ ಹಾಗಿದೆ. 441 ಮಾತ್ರ ಸ್ವಲ್ಪ ಪರಿಚಯದ್ದು, 21ರ ವರ್ಗ. 21 ಅಂದರೆ ಮೂರು ಏಳ್ಲಿ. ಹಾಗಾಗಿ 441ರಿಂದ ಒಂದೇ ಸಲ ಗುಣಿಸುವ ಬದಲು ಮೂರರಿಂದ, ಏಳರಿಂದ, ಮತ್ತೆ ಮೂರರಿಂದ, ಮತ್ತೆ ಏಳರಿಂದ ಗುಣಿಸಿದರೂ ಅದೇ ಉತ್ತರ. ಮೂರರ ಮಗ್ಗಿ, ಏಳರ ಮಗ್ಗಿ ಬಂದರೆ ಸಾಕು.

ಮೂರರಿಂದ ಗುಣಿಸಿ. 83984043 ಬಂತು. ಏಳರಿಂದ ಗುಣಿಸಿ. 587888301. ಮತ್ತೆ ಮೂರರಿಂದ. 1763664903. ಇಲ್ಲಿಯ ತನಕ ಏನಾದರೂ ಕಾಣಿಸಿತಾ? ಏನೂ ಇಲ್ಲ. ಮೂರು ಹೆಜ್ಜೆ ನಡೆದಿದ್ದೀವಿ, ಮೂರೂ ಸಲ ಸಿಕ್ಕಿದ್ದು ಅಸ್ತವ್ಯಸ್ತ ಅಂಕಿಗಳೇ.

ಈಗ ಕೊನೆಯ ಏಳು. ಇದನ್ನು ನಿಧಾನವಾಗಿ ಮಾಡೋಣ, ಬಲಗಡೆಯಿಂದ. ಏಳ್ಮೂರ್ಲಿ ಇಪ್ಪತ್ತೊಂದು. 1 ಬರೆಯಿರಿ, ಕೈಯಲ್ಲಿ ಎರಡು. ಏಳು ಸೊನ್ನೆಲಿ ಸೊನ್ನೆ, ಕೈಯಲ್ಲಿದ್ದ ಎರಡು ಸೇರಿ 2. ಏಳೊಂಬತ್ಲಿ ಅರವತ್ತಮೂರು. 3 ಬರೆದು ಆರು ಕೈಯಲ್ಲಿ. ಏಳ್ನಾಲ್ಕ್ಲಿ ಇಪ್ಪತ್ತೆಂಟು, ಆರು ಸೇರಿ ಮೂವತ್ತನಾಲ್ಕು. 4 ಬರೆದು ಮೂರು ಕೈಯಲ್ಲಿ. ಏಳಾರ್ಲಿ ನಲವತ್ತೆರಡು, ಮೂರು ಸೇರಿ ನಲವತ್ತೈದು. 5. ಮತ್ತೆ ಏಳಾರ್ಲಿ, ಕೈಯಲ್ಲಿ ನಾಲ್ಕು, ನಲವತ್ತಾರು. 6.

ಕೆಲವರ ಮುಖದಲ್ಲಿ ಆಗಲೇ ನಗು ಬಂದಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು. ಮುಂದಿನದು ಏಳಿರಬೇಕು ಅಂದುಕೊಂಡಿರಾ? ಏಳ್ಮೂರ್ಲಿ ಇಪ್ಪತ್ತೊಂದು, ನಾಲ್ಕು ಸೇರಿ ಇಪ್ಪತ್ತೈದು. 5 ಬಂತು! ಆಮೇಲೆ ನಲವತ್ತೆರಡಕ್ಕೆ ಎರಡು ಸೇರಿ ನಲವತ್ತನಾಲ್ಕು, 4. ನಲವತ್ತೊಂಬತ್ತಕ್ಕೆ ನಾಲ್ಕು ಸೇರಿ ಐವತ್ತಮೂರು, 3. ಕೊನೆಗೆ ಏಳೊಂದ್ಲಿ ಏಳು, ಐದು ಸೇರಿ 12.

12345654321.

ಈ ಸಂಜೆ ನಾನು ಮಾತಾಡಲು ಬಂದಿರುವುದು ಈ ಒಂದು ಸಂಖ್ಯೆಯ ಬಗ್ಗೆ. 1234 ಕೋಟಿ 56 ಲಕ್ಷ 54 ಸಾವಿರದ 321. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು ಎಣಿಸುತ್ತಾ ಹೋದರೆ ಸುಮಾರು 391 ವರ್ಷ ಬೇಕು. 1638ರಲ್ಲಿ ರಣಧೀರ ಕಂಠೀರವ ಪಟ್ಟಕ್ಕೆ ಬಂದ ದಿನ ಎಣಿಸಲು ಕೂತಿದ್ದರೂ ಇವತ್ತಿಗೆ ಮುಗಿಯುತ್ತಿರಲಿಲ್ಲ.

ಈ ಲೆಕ್ಕ ನನ್ನದಲ್ಲ. ಸಾವಿರದ ನೂರಕ್ಕೂ ಜಾಸ್ತಿ ವರ್ಷ ಹಳೆಯದು. ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹದಲ್ಲಿ ಬರುತ್ತದೆ. ಪುಸ್ತಕ ಸಂಸ್ಕೃತದಲ್ಲಿದೆ, ಪದ್ಯಗಳಲ್ಲಿದೆ. ಶುರುವಿನಲ್ಲೇ ಅವರು ಹೊಗಳುವುದು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನು. ಅದೇ ನೃಪತುಂಗ, ಕವಿರಾಜಮಾರ್ಗದ ಹೆಸರಿನ ಜೊತೆ ನಾವೆಲ್ಲ ಶಾಲೆಯಲ್ಲಿ ಓದಿದವನು. ಅವನ ರಾಜಧಾನಿ ಮಾನ್ಯಖೇಟ ಅಂದರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಂಡೆ. ಕನ್ನಡದ ಮೊದಲ ಲಕ್ಷಣಗ್ರಂಥ ಹುಟ್ಟಿದ ಆಳ್ವಿಕೆಯಲ್ಲೇ ಇಂಥ ಗಣಿತದ ಪುಸ್ತಕವೂ ಹುಟ್ಟಿತು. ಮೊದಲನೆಯದನ್ನು ನಾವು ಎಷ್ಟು ಹೆಮ್ಮೆಯಿಂದ ನೆನೆಯುತ್ತೇವೋ ಎರಡನೆಯದನ್ನೂ ಅಷ್ಟೇ ಹೆಮ್ಮೆಯಿಂದ ನೆನೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಮದರಾಸಿನಲ್ಲಿ ಇದನ್ನು ಅಚ್ಚು ಹಾಕಿಸಿದರು. ಅದಕ್ಕೆ ಅವರು ನೋಡಿದ ಹಸ್ತಪ್ರತಿಗಳಲ್ಲಿ ಕನ್ನಡ ಲಿಪಿಯವೂ ಇದ್ದವು.

ಗುಣಾಕಾರದ ಪಾಠದಲ್ಲಿ ಮಹಾವೀರರು ಒಂದು ವಿಧಾನ ಹೇಳುತ್ತಾರೆ, ಕವಾಟಸಂಧಿ. ಕವಾಟ ಅಂದರೆ ಬಾಗಿಲು. ಎರಡು ಸಂಖ್ಯೆಗಳನ್ನು ಬಾಗಿಲಿನ ಎರಡು ರೆಕ್ಕೆಗಳ ಹಾಗೆ ಒಂದಕ್ಕೊಂದು ಕೂಡಿಸಿಟ್ಟು, ಒಂದನ್ನು ಜರುಗಿಸುತ್ತಾ ಗುಣಿಸುವುದು. ಸಂಖ್ಯೆಯನ್ನು ಒಡೆದು ತುಂಡುಗಳಿಂದ ಗುಣಿಸಬಹುದು ಅಂತಲೂ ಹೇಳುತ್ತಾರೆ. ನಾವು ಈಗ ಮಾಡಿದ್ದು ಅದನ್ನೇ. ಆ ಪಾಠಕ್ಕೆ ಕೊಟ್ಟ ಉದಾಹರಣೆಗಳನ್ನು ನೋಡಿ. 12345679ನ್ನು 9ರಿಂದ ಗುಣಿಸಿ, ಒಂಬತ್ತು ಒಂದುಗಳು ಬರುತ್ತವೆ. 152207ನ್ನು 73ರಿಂದ ಗುಣಿಸಿ, ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿ, 1000000001. ಉತ್ತರವೆಲ್ಲ ಮಣಿ ಪೋಣಿಸಿದ ಹಾಗೆ. ಇಂಥ ಉತ್ತರಗಳನ್ನು ಅವರು ಕೊರಳ ಸರಕ್ಕೆ, ಕಂಠಾಭರಣಕ್ಕೆ ಹೋಲಿಸುತ್ತಾರೆ.

ಇದರಲ್ಲಿ ಒಬ್ಬ ಒಳ್ಳೆಯ ಮೇಷ್ಟ್ರ ಬುದ್ಧಿ ಇದೆ. ನಮ್ಮ ಪಠ್ಯಪುಸ್ತಕದಲ್ಲಿ 4836ನ್ನು 57ರಿಂದ ಗುಣಿಸು ಅಂತ ಇರುತ್ತದೆ. ಮಗು ಗುಣಿಸಿ ಏನೋ ಒಂದು ಉತ್ತರ ಬರೆಯುತ್ತದೆ. ಸರಿಯಾ ತಪ್ಪಾ? ಮೇಷ್ಟ್ರು ಹೇಳಬೇಕು, ಇಲ್ಲ ಪುಸ್ತಕದ ಕೊನೆಯ ಪುಟ ಹೇಳಬೇಕು. ಮಹಾವೀರರ ಲೆಕ್ಕದಲ್ಲಿ ಉತ್ತರವೇ ಎದ್ದು ನಿಂತು ‘ನಾನು ಸರಿ’ ಅನ್ನುತ್ತದೆ. ಎಲ್ಲೋ ಒಂದು ಕಡೆ ಕೈಯಲ್ಲಿದ್ದ ಅಂಕಿ ಮರೆತರೆ ಸರ ಹರಿಯುತ್ತದೆ. ಮಗುವಿಗೆ ತಾನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ನಮ್ಮ ಸಂಖ್ಯೆಯನ್ನು ಅವರು ಹೇಳುವ ಮಾತು ಇದು: ‘ಏಕಾದಿಷಡಂತಾನಿ ಕ್ರಮೇಣ ಹೀನಾನಿ’. ಒಂದರಿಂದ ಶುರುವಾಗಿ ಆರರವರೆಗೆ, ಆಮೇಲೆ ಕ್ರಮವಾಗಿ ಇಳಿಯುವವು. ಅಷ್ಟೇ. ಸಾವಿರ, ಲಕ್ಷ, ಕೋಟಿ ಒಂದೂ ಇಲ್ಲ. ಬರೀ ಅಂಕಿಗಳ ನಡಿಗೆ ಹೇಳಿದರೆ ಸಂಖ್ಯೆ ಹೇಳಿದಂತಾಯಿತು. ಕೇಳುವವರಿಗೆ ಅಂಕಿಯ ಜಾಗವೇ ಅದರ ಬೆಲೆ ಅನ್ನುವುದು ರಕ್ತಗತ ಆಗಿದ್ದರೆ ಮಾತ್ರ ಈ ಮಾತಿಗೆ ಅರ್ಥ. ರೋಮನ್ ಅಂಕಿಗಳಲ್ಲಿ ಲೆಕ್ಕ ಇಡುವವನಿಗೆ ‘ಒಂದರಿಂದ ಆರಕ್ಕೆ ಹತ್ತಿ ಇಳಿಯುತ್ತದೆ’ ಅಂದರೆ ತಲೆಬುಡ ತಿಳಿಯುವುದಿಲ್ಲ. ಮಹಾವೀರರು ಇದೇ ಪುಸ್ತಕದಲ್ಲಿ 24 ಸ್ಥಾನಗಳ ಹೆಸರು ಕೊಡುತ್ತಾರೆ, ಏಕದಿಂದ ಮಹಾಕ್ಷೋಭದವರೆಗೆ. ಅವರ ಪಟ್ಟಿಯಲ್ಲಿ 11ನೆಯದು ಅರ್ಬುದ. ನಮ್ಮ ಸಂಖ್ಯೆಯ ಎಡಗಡೆಯ ಕೊನೆಯ ಒಂದು ಕೂತಿರುವುದು ಅಲ್ಲಿ.

ಹಳೆಯ ಪದ್ಯಗಳಲ್ಲಿ ಸಂಖ್ಯೆ ಹೇಳುವಾಗ ಬಿಡಿ ಸ್ಥಾನದಿಂದ ಶುರುಮಾಡಿ ಎಡಕ್ಕೆ ಹೋಗುವುದು ರೂಢಿ. ಅಂಕಾನಾಂ ವಾಮತೋ ಗತಿಃ ಅನ್ನುತ್ತಾರೆ. ಈ ಸಂಖ್ಯೆಗೆ ಆ ಚಿಂತೆಯೂ ಇಲ್ಲ. ಎಡದಿಂದ ಓದಿ, ಬಲದಿಂದ ಓದಿ, ಒಂದೇ. ‘ವಿಕಟಕವಿ’ ಇದ್ದ ಹಾಗೆ, ‘ಕುಬೇರನಿಗೇನಿರಬೇಕು’ ಇದ್ದ ಹಾಗೆ.

ಈಗ ಈ ಸರ ಎಲ್ಲಿಂದ ಬಂತು ನೋಡೋಣ. ಅಂಕಿಗಳು ಹೀಗೆ ಹತ್ತಿ ಇಳಿಯುವುದು ಆಕಸ್ಮಿಕ ಅಂದುಕೊಳ್ಳಬೇಡಿ. ಈ ಸಂಖ್ಯೆ 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸಿ ನೋಡಿ. ಪ್ರತಿ ಸಾಲಿನಲ್ಲೂ 111111 ಬರೆಯುತ್ತೀರಿ, ಪ್ರತಿ ಸಲ ಒಂದು ಮನೆ ಎಡಕ್ಕೆ ಜರುಗಿಸುತ್ತೀರಿ. ಆರು ಸಾಲು. ಈಗ ಮೇಲಿಂದ ಕೆಳಕ್ಕೆ ಕೂಡಿ. ಬಲತುದಿಯ ಮನೆಯಲ್ಲಿ ಒಂದೇ ಒಂದು. ಅದರ ಪಕ್ಕ ಎರಡು. ಮಧ್ಯದಲ್ಲಿ ಆರು. ಆಮೇಲೆ ಮತ್ತೆ ಕಮ್ಮಿ ಆಗುತ್ತಾ ಎಡತುದಿಯಲ್ಲಿ ಒಂದು. ಯಾವ ಮನೆಯಲ್ಲೂ ಹತ್ತು ಮುಟ್ಟಲಿಲ್ಲ, ಹಾಗಾಗಿ ದಶಕ ದಾಟುವ ಗೋಜಿಲ್ಲ. ಎಣಿಕೆಯೇ ಅಂಕಿಯಾಗಿ ಉಳಿಯಿತು.

ನಮ್ಮಮ್ಮ ಬಾಗಿಲಿಗೆ ಇಡುತ್ತಿದ್ದ ಚುಕ್ಕಿ ರಂಗೋಲಿಯಲ್ಲಿ ಇದೇ ಇತ್ತು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಮೊದಲು ನಡುವಿನ ಸಾಲು, ಆರು ಚುಕ್ಕಿ. ಅದರ ಮೇಲೆ, ಎರಡು ಚುಕ್ಕಿಗಳ ಸಂದಿಗೆ ಒಂದರಂತೆ, ಐದು. ಆಮೇಲೆ ನಾಲ್ಕು, ಒಂದು ಬರುವವರೆಗೆ. ಕೆಳಗೂ ಹಾಗೇ. ಹನ್ನೊಂದು ಸಾಲು, ಒಟ್ಟು 36 ಚುಕ್ಕಿ. ಕತ್ತು ಸ್ವಲ್ಪ ಓರೆ ಮಾಡಿ ನೋಡಿ, ಅದು ಆರು ಸಾಲು ಆರು ಕಂಬದ ಒಂದು ಚೌಕ, ಮೂಲೆಯ ಮೇಲೆ ನಿಂತಿದೆ. ನಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ. 36 ಬರುತ್ತದೆ. ಆರಾರ್ಲಿ ಮೂವತ್ತಾರು. ಅಮ್ಮ ರಂಗೋಲಿ ಪುಡಿಯಲ್ಲಿ ಚುಕ್ಕಿ ಇಡುವಾಗ ಬಾಯಲ್ಲಿ ಎಣಿಸುತ್ತಿದ್ದಳು. ಅವಳ ಎಣಿಕೆ ಈ ಸಂಖ್ಯೆಯನ್ನೇ ಹೇಳುತ್ತಿತ್ತು.

ಹಾವು ಏಣಿ ಆಟದ ದಾಳ ತಗೊಳ್ಳಿ, ಎರಡು. ಒಟ್ಟಿಗೆ ಉರುಳಿಸಿ. ಮೊತ್ತ ಎರಡು ಬರುವುದು ಒಂದೇ ರೀತಿಯಲ್ಲಿ, ಎರಡೂ ದಾಳದಲ್ಲಿ ಒಂದು ಬಿದ್ದರೆ. ಮೂರು ಬರಲು ಎರಡು ದಾರಿ. ನಾಲ್ಕಕ್ಕೆ ಮೂರು ದಾರಿ. ಏಳಕ್ಕೆ ಆರು ದಾರಿ, ಅದೇ ಎಲ್ಲಕ್ಕಿಂತ ಜಾಸ್ತಿ. ಆಮೇಲೆ ಐದು, ನಾಲ್ಕು, ಮೂರು, ಎರಡು, ಕೊನೆಗೆ ಹನ್ನೆರಡಕ್ಕೆ ಒಂದೇ ದಾರಿ. ಸಾಲಾಗಿ ಬರೆಯಿರಿ. 1, 2, 3, 4, 5, 6, 5, 4, 3, 2, 1. ದಾಳಕ್ಕೆ ಆರು ಮುಖ, ನಮ್ಮ ಸಾಲಿನಲ್ಲಿ ಆರು ಒಂದುಗಳು. ಒಂದು ದಾಳದ ಪ್ರತಿ ಮುಖ ಇನ್ನೊಂದರ ಪ್ರತಿ ಮುಖದ ಜೊತೆ ಒಮ್ಮೆ ಸೇರುವುದೂ, ಒಂದು ಸಾಲಿನ ಪ್ರತಿ ಒಂದು ಇನ್ನೊಂದು ಸಾಲಿನ ಪ್ರತಿ ಒಂದರ ಜೊತೆ ಗುಣಾಕಾರವಾಗುವುದೂ ಒಂದೇ ಕೆಲಸ.

ಇದು ಹತ್ತರ ಲೆಕ್ಕಕ್ಕೆ ಅಂಟಿಕೊಂಡ ಗುಣವೂ ಅಲ್ಲ. ಹತ್ತು ಬೆರಳಿನ ಬದಲು ಏಳು ಬೆರಳಿನ ಜನ ಇದ್ದಾರೆ ಅಂದುಕೊಳ್ಳಿ. ಅವರು ಏಳೇಳಾಗಿ ಎಣಿಸುತ್ತಾರೆ. ಅವರು ಬರೆಯುವ 111111 ನಮ್ಮ ಲೆಕ್ಕದಲ್ಲಿ 19608. ಅದರ ವರ್ಗ 384473664. ನಮಗೆ ಅದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ಅವರ ಹಾಳೆಯ ಮೇಲೆ ಅದು 12345654321 ಅಂತಲೇ ಇರುತ್ತದೆ.

ಒಂದುಗಳ ವರ್ಗದ ಈ ಸಾಲಿಗೆ, ಅಂದರೆ 1, 121, 12321 ಹೀಗೆ ಹೋಗುವ ಸಂಖ್ಯೆಗಳಿಗೆ, ಒಂದು ಹೆಸರಿದೆ. ಡೆಮ್ಲೋ ಸಂಖ್ಯೆಗಳು. ಹೆಸರಿಟ್ಟವರು ದ. ರಾ. ಕಾಪ್ರೇಕರ್, ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ನಾಲ್ಕಂಕಿಯ ಸಂಖ್ಯೆಯ ಅಂಕಿಗಳನ್ನು ಇಳಿಕೆಯಲ್ಲೂ ಏರಿಕೆಯಲ್ಲೂ ಬರೆದು ದೊಡ್ಡದರಿಂದ ಚಿಕ್ಕದನ್ನು ಕಳೆಯುತ್ತಾ ಹೋದರೆ, ಎಲ್ಲ ಅಂಕಿಯೂ ಒಂದೇ ಆಗಿರದಿದ್ದರೆ, 6174ಕ್ಕೆ ಬಂದು ನಿಲ್ಲುವ ಚಮತ್ಕಾರ ಕಂಡುಹಿಡಿದವರೂ ಅವರೇ. ಡೆಮ್ಲೋ ಅಂದರೆ ಮುಂಬೈ ಹತ್ತಿರದ ಒಂದು ರೈಲು ನಿಲ್ದಾಣ, ಈಗಿನ ಡೊಂಬಿವಲಿ. ಅಲ್ಲಿ ಅವರಿಗೆ ಈ ಯೋಚನೆ ಹೊಳೆಯಿತಂತೆ, ಅದಕ್ಕೇ ಆ ಹೆಸರು. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಒಂದುಗಳನ್ನು ಗುಣಿಸುತ್ತಿರುವ ಮೇಷ್ಟ್ರನ್ನು ನೆನೆಸಿಕೊಂಡರೆ ನನಗೆ ತುಂಬಾ ಖುಷಿಯಾಗುತ್ತದೆ.

ಸರ ಎಲ್ಲಿಯ ತನಕ ಬೆಳೆಯುತ್ತದೆ? ಒಂಬತ್ತು ಒಂದುಗಳ ತನಕ ತೊಂದರೆ ಇಲ್ಲ, 12345678987654321. ಹತ್ತಕ್ಕೆ ಹೋದ ಕೂಡಲೇ ನಡುಮನೆಯಲ್ಲಿ ಹತ್ತು ಬರುತ್ತದೆ. ಸೊನ್ನೆ ಬರೆದು ಒಂದನ್ನು ಪಕ್ಕಕ್ಕೆ ಕೊಡಬೇಕು. ಪಕ್ಕದ ಒಂಬತ್ತೂ ಹತ್ತಾಗಿ, ಅದರಾಚೆಯ ಎಂಟು ಒಂಬತ್ತಾಗುತ್ತದೆ. ಸಿಗುವುದು 1234567900987654321. ಎಡಗಡೆಯ ಏರಿನಲ್ಲಿ ಎಂಟು ಕಾಣೆ! ಮಹಾವೀರರ ಇನ್ನೊಂದು ಲೆಕ್ಕದ 12345679ರಲ್ಲೂ ಎಂಟು ಇಲ್ಲ, ನೆನಪಿದೆಯಾ? ಎರಡೂ ಕಡೆ ಕಾರಣ ಒಂದೇ. ಹತ್ತು ಬಂದು ಒಂದನ್ನು ಎಡಕ್ಕೆ ತಳ್ಳಿದೆ. 1ನ್ನು 81ರಿಂದ ಭಾಗಿಸಿ ದಶಮಾಂಶದಲ್ಲಿ ಬರೆದರೆ 0.012345679012345679 ಅಂತ ಮುಗಿಯದೆ ಹೋಗುತ್ತದೆ. ಅಲ್ಲೂ ಎಂಟಿಗೆ ಜಾಗ ಇಲ್ಲ.

ಇನ್ನು ಸಂಖ್ಯೆಯ ಹೊಟ್ಟೆಯೊಳಗೆ ಏನಿದೆ ನೋಡೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

111111 ಅಂದರೆ 111ನ್ನು 1001ರಿಂದ ಗುಣಿಸಿದ್ದು. 111 ಅಂದರೆ ಮೂರು ಮೂವತ್ತೇಳು. 1001 ಅಂದರೆ 7, 11, 13ರ ಗುಣಲಬ್ಧ. 1001 ಬಂದ ಮೇಲೆ ಒಂದು ಸಣ್ಣ ಆಟ ಆಡದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೂರಂಕಿಯ ಸಂಖ್ಯೆ ಒಂದನ್ನು ಎರಡು ಸಲ ಬರೆಯಿರಿ, 486486 ಅಂತ. ಏಳರಿಂದ ಭಾಗಿಸಿ, 69498, ಶೇಷ ಇಲ್ಲ. ಹನ್ನೊಂದರಿಂದ, 6318, ಶೇಷ ಇಲ್ಲ. ಹದಿಮೂರರಿಂದ, 486. ಹೊರಟಲ್ಲಿಗೇ ಬಂದಿರಿ. ಎರಡು ಸಲ ಬರೆಯುವುದು ಅಂದರೆ 1001ರಿಂದ ಗುಣಿಸುವುದು ಅಷ್ಟೇ.

ಹಾಗಾಗಿ 111111ರ ಒಳಗಿರುವ ಅವಿಭಾಜ್ಯ ಸಂಖ್ಯೆಗಳು ಐದು: 3, 7, 11, 13, 37. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ. ಈ ಐದರಲ್ಲಿ ಒಂದೊಂದನ್ನೂ ಬಿಡಬಹುದು, ಒಂದು ಸಲ ತಗೊಳ್ಳಬಹುದು, ಎರಡು ಸಲ ತಗೊಳ್ಳಬಹುದು. ಮೂರು ಆಯ್ಕೆ, ಐದು ಸಲ. ಅಂದರೆ ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು 243.

ಈಗ 441ರ ಗುಟ್ಟು ಬಯಲಾಯಿತಲ್ವಾ? ಎರಡು ಮೂರು, ಎರಡು ಏಳು ಸೇರಿ 441. ಉಳಿದ 11, 13, 37 ಎರಡೆರಡು ಸೇರಿ 27994681. ಅದೂ ಒಂದು ವರ್ಗವೇ, 5291ರದ್ದು. ಮಹಾವೀರರು 111111ನ್ನು ಅದರಿಂದಲೇ ಗುಣಿಸಿ ಅಂತ ಕೊಡಬಹುದಿತ್ತು. ಆಗ ಸರ ಮೊದಲೇ ಕಂಡುಬಿಡುತ್ತಿತ್ತು. ಅವರ ಲೆಕ್ಕದಲ್ಲಿ ಅದೇ ಸರವನ್ನು ಬಿಚ್ಚಿ, ಮಣಿಗಳನ್ನು ಎರಡು ಮುಷ್ಟಿಯಲ್ಲಿ ಹಂಚಿ ಮುಚ್ಚಿಟ್ಟಿದೆ. ಕೊನೆಯ ಏಳರ ಗುಣಾಕಾರದವರೆಗೂ ಮುಷ್ಟಿ ಬಿಚ್ಚುವುದಿಲ್ಲ. ಹೀಗೆ ಮುಚ್ಚಿಡಬೇಕಾದರೆ ಒಳಗಿನ ಅಪವರ್ತನಗಳು ಚೆನ್ನಾಗಿ ಗೊತ್ತಿರಬೇಕು. ಸುಮ್ನೆ ಕೈಗೆ ಸಿಕ್ಕ ಎರಡು ಸಂಖ್ಯೆ ಗುಣಿಸಿದರೆ ಇದು ಬರುವುದಿಲ್ಲ.

ಆರು ಒಂದುಗಳೊಳಗೆ ಏಳು ಹೇಗೆ ಬಂತು? 111111ನ್ನು 7ರಿಂದ ಭಾಗಿಸುತ್ತಾ ಶೇಷ ಮಾತ್ರ ಗಮನಿಸಿ. 1ಕ್ಕೆ ಶೇಷ 1. 11ಕ್ಕೆ 4. ಆ 4ರ ಪಕ್ಕ ಇನ್ನೊಂದು 1 ಇಳಿಸಿದರೆ 41, ಶೇಷ 6. 61ಕ್ಕೆ 5. 51ಕ್ಕೆ 2. 21ಕ್ಕೆ ಸೊನ್ನೆ. ಆರನೆಯ ಒಂದು ಇಳಿಸಿದ ಕೂಡಲೇ ಶೇಷ ಮುಗಿಯಿತು. ಹದಿಮೂರಕ್ಕೂ ಆರೇ ಬೇಕು. ಮೂವತ್ತೇಳಕ್ಕೆ ಮೂರು ಸಾಕು, ಹನ್ನೊಂದಕ್ಕೆ ಎರಡು ಸಾಕು. 7ರಿಂದ 1ನ್ನು ಭಾಗಿಸಿದರೆ 142857 ಅನ್ನುವ ಆರು ಅಂಕಿ ಮತ್ತೆ ಮತ್ತೆ ಬರುವುದಕ್ಕೂ ಇದಕ್ಕೂ ನೇರ ನಂಟು. ಆರು ಒಂಬತ್ತುಗಳನ್ನು, ಅಂದರೆ 111111ರ ಒಂಬತ್ತರಷ್ಟನ್ನು, 7ರಿಂದ ಭಾಗಿಸಿದರೆ ಅದೇ 142857.

ಬೇರೆ ಅವಿಭಾಜ್ಯ ಸಂಖ್ಯೆಗಳಿಗೂ ಹೀಗೆ ಆಗುತ್ತದಾ? 2 ಮತ್ತು 5 ಬಿಟ್ಟು ಎಲ್ಲಕ್ಕೂ ಆಗುತ್ತದೆ. ಸಾಧಿಸುವುದು ಕಷ್ಟವಲ್ಲ. ಉದಾಹರಣೆಗೆ 17 ತಗೊಳ್ಳಿ. 1, 11, 111, ಹೀಗೆ ಸಾಲುಗಳನ್ನು ಬರೆಯುತ್ತಾ 17ರಿಂದ ಭಾಗಿಸಿ. ಶೇಷ ಹದಿನೇಳು ಥರ ಮಾತ್ರ ಇರಲು ಸಾಧ್ಯ. ಹದಿನೆಂಟು ಸಾಲು ಬರೆದರೆ ಯಾವುದಾದರೂ ಎರಡು ಸಾಲಿಗೆ ಒಂದೇ ಶೇಷ ಬರಲೇಬೇಕು. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಶೇಷ ಕಳೆದುಹೋಯಿತು, ಉಳಿದದ್ದು 17ರಿಂದ ಪೂರ್ತಿ ಭಾಗವಾಗುತ್ತದೆ. ಅದು ನೋಡೋಕೆ ಹೇಗಿರುತ್ತದೆ? ಮೊದಲು ಕೆಲವು ಒಂದುಗಳು, ಆಮೇಲೆ ಕೆಲವು ಸೊನ್ನೆಗಳು. ಸೊನ್ನೆಗಳಲ್ಲಿರುವುದು 2 ಮತ್ತು 5 ಮಾತ್ರ, 17ಕ್ಕೆ ಅಲ್ಲಿ ಏನೂ ಸಿಗುವುದಿಲ್ಲ. ಅಂದಮೇಲೆ ಆ ಒಂದುಗಳ ಸಾಲೇ 17ರಿಂದ ಭಾಗವಾಗಬೇಕು. ಮಾಡಿ ನೋಡಿದರೆ ಹದಿನಾರು ಒಂದುಗಳು ಬೇಕಾಗುತ್ತವೆ. 41ಕ್ಕೆ ಬರೀ ಐದು. 11111 ಅಂದರೆ 41 ಮತ್ತು 271ರ ಗುಣಲಬ್ಧ.

ಇಷ್ಟು ಹೇಳಿ ನಾನು ಚಾಕ್ ಕೆಳಗಿಟ್ಟೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈ ಎತ್ತಿದಳು. ಒಂಬತ್ತನೇ ಕ್ಲಾಸ್ ಇರಬೇಕು. ‘ಸರ್, ಒಂದುಗಳ ಸಾಲಿನ ವರ್ಗ ಇಷ್ಟು ಚೆನ್ನಾಗಿದೆ. ಒಂದುಗಳ ಸಾಲೇ ಯಾವತ್ತಾದರೂ ಇನ್ನೊಂದರ ವರ್ಗ ಆಗುತ್ತಾ?’

ಇಡೀ ಸಂಜೆಯ ಅತ್ಯುತ್ತಮ ಪ್ರಶ್ನೆ ಅದು. ಮತ್ತೆ ಚಾಕ್ ತಗೊಂಡೆ. 1 ಒಂದನ್ನು ಬಿಟ್ಟರೆ ಆಗುವುದಿಲ್ಲ. 4ರಿಂದ ಭಾಗಿಸಿ ನೋಡು ಅಂದೆ. ಸಮಸಂಖ್ಯೆಯ ವರ್ಗಕ್ಕೆ ಶೇಷ 0, ಬೆಸಸಂಖ್ಯೆಯ ವರ್ಗಕ್ಕೆ ಶೇಷ 1. ಯಾವ ವರ್ಗಕ್ಕೂ ಬೇರೆ ಶೇಷ ಬರುವುದಿಲ್ಲ. ಒಂದುಗಳ ಸಾಲಿನಲ್ಲಿ ಕೊನೆಯ ಎರಡು ಅಂಕಿ ನೋಡಿದರೆ ಸಾಕು, ಯಾಕೆಂದರೆ ನೂರು ನಾಲ್ಕರಿಂದ ಪೂರ್ತಿ ಭಾಗವಾಗುತ್ತದೆ. ಕೊನೆಗೆ ಇರುವುದು ಯಾವಾಗಲೂ 11. ಅದರ ಶೇಷ 3.

‘ಹಾಗಾದ್ರೆ ಬರೀ ನಾಲ್ಕುಗಳು, ಬರೀ ಒಂಬತ್ತುಗಳು?’ ಅಂತ ಮತ್ತೆ ಕೇಳಿದಳು. ನಾನು ಚಾಕ್ ಅವಳ ಕೈಗೆ ಕೊಟ್ಟೆ. 2, 3, 7, 8ರಲ್ಲಿ ಕೊನೆಯಾಗುವ ವರ್ಗ ಇಲ್ಲವೇ ಇಲ್ಲ ಅಂತ ಮೊದಲು ಆ ಅಂಕಿಗಳನ್ನು ಹೊಡೆದುಹಾಕಿದಳು. 55ಕ್ಕೆ ಶೇಷ 3, 66ಕ್ಕೆ ಶೇಷ 2, 99ಕ್ಕೆ ಶೇಷ 3. ನಾಲ್ಕುಗಳ ಹತ್ತಿರ ಬಂದು ನಿಂತಳು. 44ಕ್ಕೆ ಶೇಷ ಸೊನ್ನೆ. ಸ್ವಲ್ಪ ಹೊತ್ತು ಬೋರ್ಡನ್ನೇ ನೋಡಿದಳು. ಆಮೇಲೆ 444444 ಅಂತ ಬರೆದು, ಅದರ ಕೆಳಗೆ 4 × 111111 ಅಂತ ಬರೆದಳು. ‘ನಾಲ್ಕು ಎರಡರ ವರ್ಗ. ಇದು ವರ್ಗ ಆದ್ರೆ ಒಂದುಗಳೂ ವರ್ಗ ಆಗಬೇಕು. ಅದು ಆಗಲ್ಲ ಅಂತ ಈಗ ತಾನೇ ನೋಡಿದ್ವಿ’ ಅಂದಳು.